ಓಜೆಲಾ ಬ್ರಿಮ್ ಬುಟ್ಟಿ ಇಳಿಸಿದ್ದು

ಶನಿವಾರದ ಮಧ್ಯಾಹ್ನದ ಆಟ ಮುಗಿಸಿ ಥಿಯೇಟರಿನ ಹೊರಮೆಟ್ಟಿಲು ಇಳಿಯುವಾಗ ಓಜೆಲಾ ಬ್ರಿಮ್ ಯಾವಾಗಲೂ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಆ ಹೆಂಗಸು ಕಾಫಿ ತಟ್ಟೆ ಇಟ್ಟು ಬಾಗಿಲಾಚೆ ಹೋದ್ಲಲ್ಲ, ಆಮೇಲೆ ಎಲ್ಲಿಗೆ ಹೋದ್ಲು?"

ಪಕ್ಕದ ಮನೆಯ ಕೋರಿನ್‌ಗೆ ಇದನ್ನು ಕೇಳಿ ಕೇಳಿ ಕಿವಿ ತೂತಾಗಿತ್ತು. "ಅಡುಗೆಮನೆಗೆ ಕಣೆ! ಇನ್ನೆಲ್ಲಿಗೆ ಹೋಗ್ತಾಳೆ? ನಾಯಕಿ ಜೊತೆ ಹಡಗು ಹತ್ತಿ ಪ್ಯಾರಿಸ್ಸಿಗೆ ಹೋಗ್ತಾಳಾ?"

"ಹೋದ್ರೆ ಹಡಗೇನು ಮುಳುಗಿಹೋಗುತ್ತಾ?"

"ನಿನಗೆ ಬಟ್ಟೆ ಒಗೆದೂ ಒಗೆದೂ ತಲೆಯೊಳಗೂ ನೊರೆ ತುಂಬಿಕೊಂಡಿದೆ," ಎಂದು ಕೋರಿನ್ ನಗುತ್ತಿದ್ದಳು. ಇಬ್ಬರೂ ಮೂಲೆಯಲ್ಲಿ ಬೇಯಿಸಿದ ಕಡಲೆಕಾಯಿ ಕೊಂಡು, ಸುಲಿದು ತಿನ್ನುತ್ತ ಮನೆಗೆ ನಡೆಯುತ್ತಿದ್ದರು.

ಉತ್ತರ ಕ್ಯಾರೊಲಿನಾದ ಹಾಲೋಫೋರ್ಡ್ ಎಂಬ ಆ ಹತ್ತಿಗಿರಣಿಯ ಊರಿನಲ್ಲಿ ನಮ್ಮ ಕಪ್ಪು ಜನ ಕೂರುತ್ತಿದ್ದದ್ದು ಬಾಲ್ಕನಿಯಲ್ಲಿ. ಬಾಲ್ಕನಿ ಎಂದ ಕೂಡಲೇ ಮೆತ್ತನೆಯ ಕುರ್ಚಿ ನೆನೆಸಿಕೊಳ್ಳಬೇಡಿ. ಮುಂಬಾಗಿಲು, ಕೆಂಪು ಕುರ್ಚಿ, ಫ್ಯಾನಿನ ಗಾಳಿ ಎಲ್ಲ ಬಿಳಿಯರಿಗೆ. ನಮಗೆ ಪಕ್ಕದ ಓಣಿಯ ಕಬ್ಬಿಣದ ಮೆಟ್ಟಿಲು, ಮೇಲೆ ಮರದ ಬೆಂಚು, ಬೇಸಿಗೆಯಲ್ಲಿ ನೆತ್ತಿ ಸುಡುವ ತಗಡು. ಆದರೂ ಶನಿವಾರ ಬಂತೆಂದರೆ ಬೆಂಚು ತುಂಬಿರುತ್ತಿತ್ತು. ಕತ್ತಲಾದ ಮೇಲೆ ಎಲ್ಲರ ಮುಖದ ಮೇಲೂ ಬೀಳುವ ಬೆಳಕು ಒಂದೇ ತಾನೇ.

ತೆರೆಯ ಮೇಲೆ ಓಜೆಲಾಳಂಥ ಹೆಂಗಸರೂ ಬರುತ್ತಿದ್ದರು. ಒಬ್ಬಳು ತಟ್ಟೆ ಹಿಡಿದು ಬರುವಳು, ಇನ್ನೊಬ್ಬಳು ಬಾಗಿಲು ತೆಗೆಯುವಳು, ಮತ್ತೊಬ್ಬಳು ನಾಯಕಿಯ ಕೋಟು ಕೈಗೆತ್ತಿಕೊಂಡು ಕಣ್ಣರಳಿಸುವಳು. ಬರುವಾಗ ಕೈತುಂಬ ಏನೋ ಇರುತ್ತಿತ್ತು. ಆ ಏನೋ ಇಟ್ಟ ಮರುಕ್ಷಣ ಹೊರಟುಹೋಗುತ್ತಿದ್ದಳು. ಕತೆ ಒಳಗೆ ಮುಂದುವರಿಯುತ್ತಿತ್ತು. ಓಜೆಲಾಳ ಮನಸ್ಸು ಮಾತ್ರ ಅವಳ ಹಿಂದೆಯೇ ಬಾಗಿಲಾಚೆ ಹೋಗಿಬಿಡುತ್ತಿತ್ತು.

ಇಸ್ತ್ರಿ ಮೇಜಿನ ಮುಂದೆ ನಿಂತಾಗ ಉಳಿದ ಕತೆಯನ್ನು ಅವಳೇ ಕಟ್ಟುತ್ತಿದ್ದಳು. ಓಜೆಲಾಳ ತಾಯಿಯೂ ಊರವರ ಬಟ್ಟೆ ಒಗೆದವಳೇ. ಅಂಗಳದಲ್ಲಿ ಕಬ್ಬಿಣದ ಹಂಡೆ, ಒಲೆಯ ಮೇಲೆ ಸಾಲಾಗಿ ಕಾಯುವ ಇಸ್ತ್ರಿಪೆಟ್ಟಿಗೆ, ಗಂಜಿ, ನೀಲಿ, ಇವು ತಾಯಿಯಿಂದ ಬಂದ ಆಸ್ತಿ. ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಇಟ್ಟಾಗ ಚುಸ್ ಎಂದು ಏಳುವ ಹಬೆಯಲ್ಲಿ ಓಜೆಲಾಳಿಗೆ ಆ ಹೆಂಗಸು ಕಾಣುತ್ತಿದ್ದಳು: ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿದಳು, ಹಿತ್ತಲಿನ ಗೇಟು ದಾಟಿದಳು, ಹೊಳೆಯ ಕಡೆ ನಡೆದಳು. ಹೊಳೆಯ ದಂಡೆಯಲ್ಲಿ ಹಿಂದಿನ ವಾರದ ಸಿನಿಮಾದವಳು ಆಗಲೇ ಬಂದು ಕೂತಿದ್ದಳು. ಅದರ ಹಿಂದಿನ ವಾರದವಳೂ ಇದ್ದಳು. ಎಲ್ಲರೂ ಶೂ ಕಳಚಿ, ಕಾಲು ನೀರಿಗೆ ಬಿಟ್ಟು, ಕಡಲೆಕಾಯಿ ಸುಲಿಯುತ್ತ ಹರಟುತ್ತಿದ್ದರು. ಯಾರ ಕೈಯಲ್ಲೂ ತಟ್ಟೆ ಇರಲಿಲ್ಲ.

ಗಂಡ ಥರ್ಮನ್ ಇಟ್ಟಿಗೆ ಗೂಡಿನಲ್ಲಿ ದುಡಿದು ಬಂದವನು, ಕುರ್ಚಿಯಲ್ಲೇ ತೂಕಡಿಸುತ್ತ ಕೇಳುತ್ತಿದ್ದ. "ಇವತ್ತಿನವಳು ಹೊಳೆ ಹತ್ರ ಬಂದ್ಲಾ?"

"ಬಂದ್ಲು. ಮೀನು ಕರೀತಿದ್ದಾರೆ."

"ನನಗೂ ಎರಡು ತೆಗೆದಿಡೋಕೆ ಹೇಳು," ಎಂದು ಅವನು ನಿದ್ದೆ ಹೋಗುತ್ತಿದ್ದ. ಒಳ್ಳೆಯ ಗಂಡ. ಹೆಂಡತಿಯ ಹುಚ್ಚಿಗೆ ನೀರೆರೆಯುವ ಗಂಡಸರು ಎಲ್ಲರಿಗೂ ಸಿಗುವುದಿಲ್ಲ.

ಓಜೆಲಾಳಿಗೆ ಒಂದು ಆಸೆ ಇತ್ತು. ಜೀವಮಾನದಲ್ಲಿ ಒಂದು ಸಲ, ತನ್ನಂಥವಳೊಬ್ಬಳು ಬರಿಗೈಯಲ್ಲಿ ಆ ತೆರೆಯ ಮೇಲೆ ನಡೆದು ಹೋಗುವುದನ್ನು ನೋಡಬೇಕು. ಕುಣಿಯುವುದು ಬೇಡ, ಹಾಡುವುದು ಬೇಡ, ಸುಮ್ಮನೆ ನಡೆದರೆ ಸಾಕು.

೧೯೩೯ರಲ್ಲಿ, ಹತ್ತಿ ಬಿಡಿಸುವ ಕಾಲಕ್ಕೆ, ಊರಿಗೆ ಕ್ಯಾಮೆರಾದವನು ಬಂದ. ಹಾಲಿವುಡ್ಡಿನವನಲ್ಲ. ಊರೂರು ಸುತ್ತಿ, ಗಿರಣಿಯಿಂದ ಹೊರಬರುವವರನ್ನು, ಶಾಲೆಯ ಮಕ್ಕಳನ್ನು, ಬೀದಿಯವರನ್ನು ಚಿತ್ರ ತೆಗೆದು, ಮುಂದಿನ ವಾರ ಅದೇ ಊರಿನ ಥಿಯೇಟರಿನಲ್ಲಿ ತೋರಿಸುವವನು. ತಮ್ಮ ಮುಖ ನೋಡಿಕೊಳ್ಳಲು ಊರಿಗೂರೇ ಟಿಕೆಟ್ ಕೊಳ್ಳುತ್ತಿತ್ತು. ಎಷ್ಟು ಮುಖವೋ ಅಷ್ಟು ಟಿಕೆಟ್ ಆದ್ದರಿಂದ ಅವನು ಮುಖದ ಬಣ್ಣ ನೋಡುತ್ತಿರಲಿಲ್ಲ, ರೈಲು ಹಳಿಯಾಚೆಯ ನಮ್ಮ ಬೀದಿಗೂ ಬಂದ.

ನಮ್ಮವರೋ, ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡು ಗೊತ್ತಿದ್ದ ಜನ. ಕ್ಯಾಮೆರಾ ಕಂಡದ್ದೇ ತಡ, ಉಸಿರು ಬಿಗಿಹಿಡಿದು, ಕೈ ಪಕ್ಕಕ್ಕೆ ಇಳಿಬಿಟ್ಟು, ಗರ ಬಡಿದವರ ಹಾಗೆ ನಿಂತುಬಿಟ್ಟರು. ಎಲ್ಲರಿಗಿಂತ ಮುಂದೆ ಚರ್ಚಿನ ಟೋಪಿ ಹಾಕಿಕೊಂಡ ಥರ್ಮನ್. ಕ್ಯಾಮೆರಾದವನು ತಲೆ ಚಚ್ಚಿಕೊಂಡ. "ಅಲ್ಲಾಡ್ರಪ್ಪಾ! ಇದು ಸಿನಿಮಾ ಕಣ್ರೋ, ಅಲ್ಲಾಡಿ!"

"ಅಲ್ಲಾಡಿದ್ರೆ ಮಂಜಾಗಲ್ವಾ ಸ್ವಾಮಿ?" ಎಂದ ಥರ್ಮನ್, ತುಟಿ ಅಲುಗದಂತೆ.

ಅದೇ ಹೊತ್ತಿಗೆ ಓಜೆಲಾ ಮೂಲೆ ತಿರುಗಿ ಬಂದಳು. ಕಂಕುಳಲ್ಲಿ ಕಾಲ್ವರ್ಡ್ ಅಮ್ಮನವರ ಮನೆಗೆ ತಲುಪಿಸಬೇಕಾದ ಇಸ್ತ್ರಿ ಬಟ್ಟೆಯ ಬುಟ್ಟಿ. ಅಮ್ಮನವರ ಗಂಡ ಗಿರಣಿಯ ಮ್ಯಾನೇಜರ್. ಆ ಮನೆಯ ಒಗೆತದಿಂದಲೇ ಓಜೆಲಾಳ ಮನೆಯ ಒಲೆ ಉರಿಯುತ್ತಿತ್ತು. ಕ್ಯಾಮೆರಾದವನು ಅಲುಗಾಡುವ ಜೀವವೊಂದು ಸಿಕ್ಕಿತಲ್ಲ ಎಂದು ಖುಷಿಯಿಂದ ಅವಳತ್ತ ತಿರುಗಿದ. "ಬನ್ನಿ ಅಮ್ಮಾ, ಹಾಗೇ ನಡ್ಕೊಂಡು ಬನ್ನಿ!"

ಓಜೆಲಾ ಆ ಗಾಜಿನ ಕಣ್ಣು ನೋಡಿದಳು. ಕಂಕುಳಲ್ಲಿದ್ದ ಬುಟ್ಟಿ ನೋಡಿದಳು. ನೋಡಿದ ತಟ್ಟೆಗಳೆಲ್ಲ, ಕೋಟುಗಳೆಲ್ಲ ಕಣ್ಣೆದುರು ಬಂದವು. ಬುಟ್ಟಿಯನ್ನು ನಡುಬೀದಿಯಲ್ಲಿ ಇಳಿಸಿದಳು. ಇಳಿಸಿದ ರಭಸಕ್ಕೆ ಮೇಲಿನ ಹಾಸುಬಟ್ಟೆ ಜಾರಿ, ಕಸೂತಿಯ ಅಂಚು ಕೆಂಪು ಮಣ್ಣಿಗೆ ಬಿತ್ತು. ಅವಳು ತಿರುಗಿ ನೋಡಲಿಲ್ಲ. ಎರಡೂ ಕೈ ಬೀಸುತ್ತ, ತಲೆಯೆತ್ತಿ, ಆತುರವಿಲ್ಲದೆ ನಡೆದು, ಕ್ಯಾಮೆರಾ ದಾಟಿ, ಕೋರಿನ್‌ಳ ಜಗಲಿಯವರೆಗೂ ಹೋದಳು. ಅಲ್ಲಿ ನಿಂತ ಮೇಲೆ ಎಚ್ಚರವಾಯಿತು. ಓಡಿಬಂದು ಬುಟ್ಟಿ ಎತ್ತಿಕೊಂಡು ಮನೆಗೆ ಹೋಗಿ ಮತ್ತೆ ಹಂಡೆಗೆ ಬೆಂಕಿ ಹಾಕಿದಳು. ಮಾರನೆಯ ದಿನ ಅಮ್ಮನವರ ಹಾಸುಬಟ್ಟೆ ಹಾಲಿನಷ್ಟು ಬೆಳ್ಳಗೆ ಅವರ ಮನೆ ಸೇರಿತು.

"ನಿನಗೆ ಬುದ್ಧಿ ಇದೆಯೇನೆ?" ಎಂದಳು ಕೋರಿನ್, ಎರಡು ದಿನ ಬಿಟ್ಟು. "ಕಾಲ್ವರ್ಡ್ ಅಮ್ಮಾವ್ರ ಮಗಳು ಸ್ಕೂಲಲ್ಲಿ ಹಗ್ಗದಾಟ ಆಡೋದನ್ನೂ ತೆಗೆದಿದ್ದಾನಂತೆ. ಅಮ್ಮಾವ್ರು ನೋಡೋಕೆ ಬಂದೇ ಬರ್ತಾರೆ. ಅವರ ಹಾಸುಬಟ್ಟೆ ಬೀದಿ ಮಣ್ಣಲ್ಲಿ ಬಿದ್ದಿರೋದನ್ನ ಮನೆ ಗಾತ್ರ ಮಾಡಿ ತೋರಿಸ್ತಾನೆ!"

ಓಜೆಲಾ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಳು. ನೇರವಾಗಿ ಥಿಯೇಟರಿನ ಹಿಂಬಾಗಿಲಿಗೆ ಹೋದಳು. ಕ್ಯಾಮೆರಾದವನು ಅಂಗಿಯ ತೋಳು ಮಡಿಸಿಕೊಂಡು, ಕತ್ತರಿ ಹಿಡಿದು, ಫಿಲ್ಮಿನ ತುಂಡುಗಳನ್ನು ಅಂಟಿಸುತ್ತಿದ್ದ.

"ಸ್ವಾಮಿ, ನನ್ನ ಬುಟ್ಟಿ ಒಂದನ್ನ ತೆಗೆದುಬಿಡ್ತೀರಾ?"

ಅವನು ಆ ತುಂಡನ್ನು ಹುಡುಕಿ ಬಲ್ಬಿನ ಬೆಳಕಿಗೆ ಹಿಡಿದ. "ನೋಡಿ ಅಮ್ಮಾ. ನೀವು ಮುಂದೆ ನಡೀತಿದ್ದೀರಿ, ಬುಟ್ಟಿ ನಿಮ್ಮ ಹಿಂದೆ ಕೂತಿದೆ. ಕೊನೇವರೆಗೂ ಕೂತೇ ಇದೆ. ಬುಟ್ಟಿ ಬೇಡ ಅಂದ್ರೆ ನೀವೂ ಹೋಗ್ತೀರಿ. ಕತ್ತರಿಸಲಾ?"

ಓಜೆಲಾ ಬಗ್ಗಿ ನೋಡಿದಳು. ಉಗುರಿನಷ್ಟು ಚಿತ್ರಗಳು, ಒಂದರ ಕೆಳಗೊಂದು. ಎಲ್ಲದರಲ್ಲೂ ಕೈ ಬೀಸಿಕೊಂಡು ಬರುವ ಪುಟ್ಟ ಹೆಂಗಸು. ಓಜೆಲಾಳಿಗೆ ತಾಯಿ ನೆನಪಾದಳು. ಥರ್ಮನ್‌ನ ಇಟ್ಟಿಗೆ ಸಂಬಳ ಮನೆಬಾಡಿಗೆಗೇ ಸರಿಹೋಗುವುದೂ ನೆನಪಾಯಿತು. ಕತ್ತರಿ ಹಿಡಿದ ಕೈ ಕಾಯುತ್ತಿತ್ತು.

"ಇರ್ಲಿ ಬಿಡಿ," ಎಂದಳು. ಹೇಳಿದ ಮೇಲೆ ತುಂಬ ಹೆದರಿಕೆಯಾಯಿತು, ಆದರೆ ಮಾತು ಹಿಂತೆಗೆದುಕೊಳ್ಳಲಿಲ್ಲ.

ಶನಿವಾರ ಥಿಯೇಟರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗ್ರಾಮಫೋನ್ ಹಾಡುತ್ತಿತ್ತು, ತೆರೆಯ ಮೇಲೆ ಊರು ಮಾತಿಲ್ಲದೆ ಓಡಾಡುತ್ತಿತ್ತು. ಕೆಳಗಿನವರು ತಮ್ಮ ತಮ್ಮ ಮುಖ ಬಂದಾಗ ಕಿರುಚಿದರು, ಬೇರೆಯವರ ಮುಖ ಬಂದಾಗ ಪಾಪ್‌ಕಾರ್ನ್ ತಿಂದರು. ಹಗ್ಗದಾಟದ ಹುಡುಗಿ ಬಂದಳು, ಕಾಲ್ವರ್ಡ್ ಅಮ್ಮನವರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಆಮೇಲೆ ಹಳಿಯಾಚೆಯ ಬೀದಿ ಬಂತು. ಥರ್ಮನ್ ಎಷ್ಟು ಗಟ್ಟಿಯಾಗಿ ನಿಂತಿದ್ದನೆಂದರೆ ಫಿಲ್ಮೇ ಸಿಕ್ಕಿಕೊಂಡಿತೆಂದು ಯಾರೋ ಶಿಳ್ಳೆ ಹೊಡೆದರು. ಬಾಲ್ಕನಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು.

ಆಗ ಅವಳು ಬಂದಳು. ಮೂಲೆ ತಿರುಗಿದಳು, ನಿಂತಳು, ಬುಟ್ಟಿ ಇಳಿಸಿದಳು.

ಬಾಲ್ಕನಿಯ ನಗು ಫಕ್ಕನೆ ನಿಂತಿತು. ಮನೆಯಷ್ಟೆತ್ತರದ ಓಜೆಲಾ ಬ್ರಿಮ್ ಬರಿಗೈಯಲ್ಲಿ ನಡೆದು ಬರುತ್ತಿದ್ದಳು. ಎಲ್ಲಿಯೂ ತಲುಪುವ ಅವಸರವಿಲ್ಲ, ಯಾರೂ ಕರೆಯುತ್ತಿಲ್ಲ, ಯಾರಿಗೂ ಏನೂ ತರುತ್ತಿಲ್ಲ. ಬೆಂಚಿನ ಮೇಲಿದ್ದ ಓಜೆಲಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಇಷ್ಟು ಎತ್ತರ ಇದ್ದೇನೆಯೇ ನಾನು? ಹೀಗೆ ನಡೆಯುತ್ತೇನೆಯೇ? ಇಸ್ತ್ರಿಯ ಹಬೆಯಲ್ಲಿ ಕಂಡ ಹೊಳೆದಂಡೆಯ ಹೆಂಗಸರಿಗಿಂತ ಇವಳು ಚೆಂದವಿದ್ದಳು. ಆ ಕ್ಷಣ ಅವಳಿಗೆ ಹಾಸುಬಟ್ಟೆಯ ಚಿಂತೆಯೇ ಇರಲಿಲ್ಲ. ತೆರೆಯ ಅಂಚಿಗೆ ಬಂದು ಅವಳು ಮಾಯವಾದಾಗ ಬಾಲ್ಕನಿಯವರೆಲ್ಲ ಎದ್ದು ಮರದ ನೆಲ ಕುಟ್ಟಿದರು. ಚಾವಣಿಯ ಧೂಳು ಕೆಳಗಿನವರ ಟೋಪಿಗಳ ಮೇಲೆ ಉದುರಿತು.

ಕೆಳಗೆ ಒಂದೇ ಒಂದು ತಲೆ ಹಿಂದಕ್ಕೆ ತಿರುಗಿ ಮೇಲೆ ನೋಡಿತು. ಕಾಲ್ವರ್ಡ್ ಅಮ್ಮನವರದು.

ಸೋಮವಾರ ಓಜೆಲಾ ಎಂದಿನಂತೆ ಅವರ ಹಿತ್ತಲಿಗೆ ಹೋದಳು. ಕೊಳೆಬಟ್ಟೆಯ ಗಂಟು ಅಲ್ಲಿರಲಿಲ್ಲ. ಅಮ್ಮನವರೇ ಹೊರಗೆ ಬಂದರು.

"ಅದು ನನ್ನಮ್ಮ ಹಾಕಿದ ಕಸೂತಿ," ಎಂದರು. ದನಿ ಏರಿರಲಿಲ್ಲ.

"ಗೊತ್ತು ಅಮ್ಮಾವ್ರೆ. ಮತ್ತೆ ಒಗೆದೇ ತಂದುಕೊಟ್ಟೆ."

"ಊರೆಲ್ಲ ನೋಡ್ತು. ಆಟ ಮುಗಿದ ಮೇಲೆ ಗಿರಣಿ ಹೆಂಗಸರೆಲ್ಲ ನಕ್ಕರು. ಯಾಕೆ ಹಾಗೆ ಮಾಡಿದೆ ನೀನು?"

ಉತ್ತರ ಓಜೆಲಾಳ ಬಾಯಲ್ಲಿತ್ತು. ಆದರೆ ಅದನ್ನು ಹೇಳಬೇಕಾದರೆ ತಟ್ಟೆಗಳಿಂದ, ಕೋಟುಗಳಿಂದ ಶುರುಮಾಡಬೇಕಿತ್ತು. ಆ ಹಿತ್ತಲಲ್ಲಿ ಅಷ್ಟು ಹೊತ್ತು ನಿಲ್ಲಿಸಿ ಕೇಳುವವರು ಯಾರು? "ಕೈ ಸೋತಿತ್ತು ಅಮ್ಮಾವ್ರೆ," ಎಂದಳು.

"ಹಾಗಿದ್ರೆ ಇನ್ನು ರೆಸ್ಟ್ ತಗೋ," ಎಂದು ಅಮ್ಮನವರು ಬಾಗಿಲು ಹಾಕಿಕೊಂಡರು.

ಮುಂದೆ ಓಜೆಲಾ ನಮ್ಮ ಮಕ್ಕಳ ಶಾಲೆಯಲ್ಲಿ ಅಡುಗೆಗೆ ಸೇರಿದಳು, ಮೆಕ್ಕೆಜೋಳದ ರೊಟ್ಟಿ ಸುಟ್ಟು ಒಂದು ಪೀಳಿಗೆಯನ್ನೇ ಬೆಳೆಸಿದಳು. ಮುದುಕಿಯಾದ ಮೇಲೆ ಟಿವಿಯ ಮುಂದೆ ಕೂತು, ತೆರೆಯಿಂದ ಹೊರಗೆ ಹೋದ ಪ್ರತಿಯೊಬ್ಬರ ಬಗ್ಗೆಯೂ ಮೊಮ್ಮಕ್ಕಳನ್ನು ಅದೇ ಪ್ರಶ್ನೆ ಕೇಳಿ ಪೀಡಿಸಿದಳು. ಅದೆಲ್ಲ ಆಮೇಲಿನ ಮಾತು. ಆ ಸೋಮವಾರ ಅವಳಿಗೆ ಗೊತ್ತಿದ್ದದ್ದು ಇಷ್ಟೇ, ಒಗೆತ ಹೋಯಿತು, ಚಳಿಗಾಲ ಬರುತ್ತಿದೆ.

ಅವಳು ನಮ್ಮ ಬೀದಿಯ ಮೂಲೆ ತಿರುಗಿದಳು. ಬರಿಗೈ. ಜಗಲಿಗಳ ಮೇಲೆ ಕೂತಿದ್ದವರಿಗೆ ಅವಳ ಕಂಕುಳಲ್ಲಿ ಬುಟ್ಟಿ ಇಲ್ಲದ್ದು ಕಂಡಿತು. ಕಂಡದ್ದೇ ಕೇಕೆ ಹಾಕಿದರು. "ಓ ಓಜೆಲಕ್ಕಾ! ಮತ್ತೊಂದ್ಸಲ! ಸಿನಿಮಾದಲ್ಲಿ ನಡೆದ ಹಾಗೆ!" ಚಪ್ಪಾಳೆ ಒಂದು ಜಗಲಿಯಿಂದ ಇನ್ನೊಂದಕ್ಕೆ ಹಬ್ಬಿತು. ಅವಳು ಎರಡೂ ಕೈ ಬೀಸಿದಳು. ತಲೆಯೆತ್ತಿ, ಆತುರವಿಲ್ಲದೆ, ಬೀದಿಯ ಉದ್ದಕ್ಕೂ ನಡೆದು ಕೋರಿನ್‌ಳ ಜಗಲಿ ಮುಟ್ಟಿದಳು. ಈ ಸಲ ಓಡಿಹೋಗಿ ಎತ್ತಿಕೊಳ್ಳಲು ಹಿಂದೆ ಬುಟ್ಟಿ ಇರಲಿಲ್ಲ.

ಮೆಟ್ಟಿಲ ಮೇಲೆ ಕೂತು ಶೂ ಕಳಚಿದಳು. ಕೋರಿನ್ ಚಪ್ಪಾಳೆ ತಟ್ಟಿರಲಿಲ್ಲ. ಇವತ್ತು ಸೋಮವಾರ, ಗಂಟು ಬರಬೇಕಾದ ದಿನ ಎಂದು ಅವಳೊಬ್ಬಳಿಗೆ ನೆನಪಿತ್ತು. ಗೆಳತಿಯ ಮುಖವನ್ನು ನೋಡಿದಳು, ಕಡಲೆಕಾಯಿಯ ಬಟ್ಟಲು ಅವಳ ಮುಂದಕ್ಕೆ ಸರಿಸಿದಳು. ಬಹಳ ಹೊತ್ತು ಇಬ್ಬರೂ ಸುಲಿದರು, ತಿಂದರು.

ಕೊನೆಗೆ ಕೋರಿನ್, ಜನ್ಮದಲ್ಲಿ ಮೊದಲ ಸಲ, ತಾನೇ ಕೇಳಿದಳು. "ಆ ಹೆಂಗಸು ಬುಟ್ಟಿ ಇಟ್ಟು ಹೋದ್ಲಲ್ಲ. ಆಮೇಲೆ ಎಲ್ಲಿಗೆ ಹೋದ್ಲು?"

ಓಜೆಲಾಳಿಗೆ ಅಳು ಬಂತು, ನಗುವೂ ಬಂತು. ಏಪ್ರನ್ನಿನ ತುದಿಯಿಂದ ಮೂಗು ಒರೆಸಿಕೊಂಡಳು.

"ಹೊಳೆ ಹತ್ರ ಕಣೆ," ಎಂದಳು. "ಎಲ್ಲರೂ ಕಾಯ್ತಾ ಕೂತಿದ್ರು. ಬರೋಕೆ ಇಷ್ಟು ಹೊತ್ತಾ ಅಂತ ಬೈದ್ರು."