ನೂರು ಮೀಟರ್ ಕೆಳಗಿನ ನೀರು

ಅರುವತ್ತರ ದಶಕದ ನಡುವಿನಲ್ಲಿ ನಾನು ಸಮುದ್ರ ಸಮೀಕ್ಷೆಯ ಹಡಗೊಂದರಲ್ಲಿ ಸಹಾಯಕನಾಗಿದ್ದೆ. ಭೂಮಧ್ಯರೇಖೆಯ ಬಳಿ ಗಾಳಿಯ ನೂಕು ನೀರಿನಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ನೋಡುವುದು ನಮ್ಮ ಕೆಲಸ. ನಾನು ಕಾಣಿಯೂರಿನವನು. ಹಡಗಿನಲ್ಲಿ ನನ್ನ ಊರ ಕಡೆಯವರೆಂದರೆ ಈಶ್ವರಮಂಗಲದ ಬ್ಯಾರಿ ನಾವಿಕರೊಬ್ಬರೇ. ಹಿರಿಯರಾದ್ದರಿಂದ ಕಾಕ ಎನ್ನುತ್ತಿದ್ದೆ.

ಆ ಬೆಳಿಗ್ಗೆ ಬಟ್ಟೆಯ ದೊಡ್ಡ ಕೊಡೆಯೊಂದನ್ನು ಹಗ್ಗದಲ್ಲಿ ನೂರು ಮೀಟರ್ ಆಳಕ್ಕೆ ಇಳಿಸಿದೆವು. ಹಗ್ಗದ ಮೇಲ್ತುದಿಗೆ ತೇಲುವ ಪೀಪಾಯಿ. ಆಳದ ನೀರು ಕೊಡೆಯನ್ನು ಎತ್ತ ಎಳೆಯುತ್ತದೋ ಪೀಪಾಯಿ ಅತ್ತ ಹೋಗಬೇಕು. ಪೀಪಾಯಿ ಕಣ್ತಪ್ಪದಿರಲೆಂದು ಅದಕ್ಕೆ ಕಟ್ಟಿದ ಹುಟ್ಟಿನ ದೋಣಿಯಲ್ಲಿ ಕಾಕ ಮತ್ತು ಇನ್ನೊಬ್ಬ ನಾವಿಕ ಕೂತರು.

“ನೀರಿನ ಒಳಗೂ ಮಳೆ ಉಂಟಾ ಮಾರಾಯ್ರೆ, ಕೊಡೆ ಹಿಡಿಲಿಕ್ಕೆ?” ಎಂದರು ಕಾಕ.

ಹತ್ತು ಗಂಟೆಗೆ ಮಳೆ ಕವಿಯಿತು. ಮಧ್ಯಾಹ್ನ ಅದು ಸರಿದಾಗ ದೋಣಿ ಕಾಣಲಿಲ್ಲ.

ಎತ್ತ ಹುಡುಕಬೇಕೆಂದು ಕಪ್ತಾನರು ನನ್ನನ್ನು ಕೇಳಿದರು. ಪಶ್ಚಿಮಕ್ಕೆ ಎಂದೆ. ಯೋಚಿಸಲಿಲ್ಲ. ಕುಮಾರಧಾರೆಯ ದಡದಲ್ಲಿ ಬೆಳೆದವರು, ಹೊಳೆಯಲ್ಲಿ ಏನು ಕೊಚ್ಚಿಹೋದರೂ ನೊರೆಯ ಹಿಂದೆ ಓಡುತ್ತೇವೆ. ಬೆಳಗಿನಿಂದ ಗಾಳಿಗೆ ನೊರೆ ಪಶ್ಚಿಮಕ್ಕೆ ಹೋಗುತ್ತಿತ್ತು.

ಒಂದೂವರೆ ಗಂಟೆ ಹೋದೆವು. ಬರೀ ನೀರು. ದೋಣಿಯಲ್ಲಿದ್ದದ್ದು ಒಂದು ಕ್ಯಾನ್ ಕುಡಿಯುವ ನೀರು. ಸಂಜೆಯೊಳಗೆ ಸಿಗದಿದ್ದರೆ ಮತ್ತೆ ಸಿಗುವುದು ಕಷ್ಟ. ನಾನು ನನ್ನ ಟಿಪ್ಪಣಿ ಪುಸ್ತಕ ತೆರೆದೆ. ಹಿಂದಿನ ದಿನ ನೂರು ಮೀಟರಿನಲ್ಲಿ ಪ್ರವಾಹಮಾಪಕ ನೀರಿನ ಹರಿವು ಪೂರ್ವಕ್ಕೆ ಎಂದು ತೋರಿಸಿತ್ತು. ಅದು ಕೆಟ್ಟಿರಬೇಕೆಂದು ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದ್ದೆ. ಕೆಟ್ಟಿರಲಿಲ್ಲ. ಗಾಳಿಯ ನೂಕು ಸುಳಿಯಿಂದ ಸುಳಿಗೆ ದಾಟುತ್ತಾ ಇಳಿದು, ನೂರು ಮೀಟರ್ ಮುಟ್ಟುವ ಮೊದಲೇ ಸೋಲುತ್ತಿತ್ತು. ಅದರ ಕೆಳಗೆ ಇನ್ನೊಂದು ನೀರು ಎದುರು ದಿಕ್ಕಿಗೆ ಹರಿಯುತ್ತಿತ್ತು. ಕೊಡೆ ಇದ್ದದ್ದು ಆ ನೀರಿನಲ್ಲಿ.

ಕಪ್ತಾನರಿಗೆ ಹೇಳಲು ಏಣಿ ಹತ್ತುವಾಗ ಎರಡು ಸಲ ಕಾಲು ಜಾರಿತು. ಅವರು ಬೈಯಲಿಲ್ಲ. ಹಡಗು ತಿರುಗಿತು.

ನಾಲ್ಕು ಗಂಟೆ ದಾಟಿದ ಮೇಲೆ, ಪೂರ್ವದಲ್ಲಿ, ಗಾಳಿಗೆ ಎದುರಾಗಿ ಹೋಗುತ್ತಿದ್ದ ದೋಣಿ ಕಂಡಿತು. ಅಲೆ ಒಳಗೆ ನುಗ್ಗಿ ಅರ್ಧ ತುಂಬಿತ್ತು. ಇಬ್ಬರೂ ಡಬ್ಬಿಯಲ್ಲಿ ನೀರು ಮೊಗೆದು ಚೆಲ್ಲುತ್ತಿದ್ದರು.

“ಹಗ್ಗ ಕಡಿಯುವಾ ಅಂತ ಇವ ಹೇಳಿದ, ನಾನು ಬಿಡ್ಲಿಲ್ಲ,” ಎಂದರು ಕಾಕ. “ಕೊಡೆ ಎತ್ತ ಹೋಗುದು ಅಂತ ನಿಮಗೆ ಗೊತ್ತುಂಟಲ್ಲ. ಅಲ್ಲಿಗೇ ಬರ್ತೀರಿ ಅಂತ.”

“ನಾನು ಪಶ್ಚಿಮಕ್ಕೆ ಅಂತ ಹೇಳಿದ್ದೆ ಕಾಕ. ನಾವು ಅತ್ತ ಹೋಗಿದ್ದೆವು.”

ಕಾಕ ನೀರು ಮೊಗೆಯುತ್ತಿದ್ದ ಡಬ್ಬಿ ಕೆಳಗಿಟ್ಟರು.

“ಎಂತ, ಅಲ್ಲಿ ಮದುವೆ ಇತ್ತಾ?”

ನಗುತ್ತಲೇ ಕೇಳಿದರು. ಆದರೆ ಹಡಗಿನ ಏಣಿ ಹತ್ತಿ ಮೇಲೆ ಬಂದ ಮೇಲೆ, ಕಂಬಿ ಹಿಡಿದಿದ್ದ ಅವರ ಬೆರಳುಗಳನ್ನು ನಾವು ಒಂದೊಂದಾಗಿ ಬಿಡಿಸಬೇಕಾಯಿತು.