ಕೋಟು ಕೋಣೆಯ ಬಲ್ಬಾರಾ

ಚಳಿಗಾಲದಲ್ಲಿ ನಮ್ಮೂರಿನ ಶಾಲೆಗೆ ರಜೆ ಕೊಡುವುದು ಹೆಡ್‌ಮಾಸ್ಟರಲ್ಲ, ರೇಡಿಯೊ. ಬೆಳಿಗ್ಗೆ ಒಲೆಗೆ ಸೌದೆ ತುಂಬುವ ಹೊತ್ತಿಗೆ ಯಾಕುತ್ಸ್ಕ್ ಪಟ್ಟಣದಿಂದ ಒಬ್ಬ ಹೆಂಗಸು ನಿದ್ದೆ ತುಂಬಿದ ದನಿಯಲ್ಲಿ ಅಂದಿನ ಚಳಿಯ ಲೆಕ್ಕ ಓದುತ್ತಾಳೆ. ಸೊನ್ನೆಗಿಂತ ನಲವತ್ತೈದು ಡಿಗ್ರಿ ಕೆಳಗಿಳಿದಿದ್ದರೆ ಚಿಕ್ಕ ತರಗತಿಗಳಿಗೆ ರಜೆ, ಐವತ್ತು ದಾಟಿದ್ದರೆ ದೊಡ್ಡವರಿಗೂ ರಜೆ. ನಲವತ್ತನಾಲ್ಕು ಎಂದರೆ ಶಾಲೆ ಇದೆ, ತೆಪ್ಪಗೆ ಹೊರಡಬೇಕು. ಉಳಿದ ಆ ಒಂದು ಡಿಗ್ರಿಗಾಗಿ ಮಕ್ಕಳು ಅಮ್ಮನ ಕಣ್ಣು ತಪ್ಪಿಸಿ ಒಲೆಯ ಬೆಂಕಿದೇವರಿಗೆ ಗೋಧಿ ದೋಸೆಯ ಚೂರು ಹಾಕಿ ಬೇಡಿಕೊಳ್ಳುತ್ತಾರೆ. ರಜೆ ಸಿಕ್ಕರೆ ಮನೆಯಲ್ಲಿ ಬೆಚ್ಚಗೆ ಕೂರುತ್ತಾರೆ ಅಂದುಕೊಂಡಿರಾ? ಕತ್ತಲಾಗುವ ತನಕ ಕೆರೆ ದಂಡೆಯ ಮೇಲೆ ಜಾರುಬಂಡಿ ಆಡುತ್ತಾರೆ.

ನಾನು ಆ ಶಾಲೆಯ ಒಂದನೇ ತರಗತಿಯ ಟೀಚರು. ಮದುವೆಯಾಗಿ ಈ ಊರಿಗೆ ಬಂದವಳು. ಎಲ್ಲದಕ್ಕೂ ಮೂಗು ತೂರಿಸುವ ಚಟ ನನಗೆ ಹುಟ್ಟಿನಿಂದಲೇ ಇದೆ ಎಂದು ನನ್ನ ಅತ್ತೆ ಹೇಳುತ್ತಾರೆ, ಅದು ಸುಳ್ಳೇನೂ ಅಲ್ಲ. ಬಂದ ಮೊದಲ ಚಳಿಗಾಲದಿಂದಲೇ ನನ್ನ ಮೂಗು ತೂರಿದ್ದು ಬಾಗಿಲ ಪಕ್ಕದ ಕೋಟು ಕೋಣೆಯೊಳಕ್ಕೆ. ಅಲ್ಲಿದ್ದವಳು ಬಲ್ಬಾರಾ ಅಜ್ಜಿ.

ಬೆಳಿಗ್ಗೆ ಬಾಗಿಲು ತೆರೆದಾಗಲೆಲ್ಲ ಹೊರಗಿನ ಚಳಿ ಒಳಗಿನ ಬಿಸಿಗೆ ತಾಗಿ ಬಿಳಿ ಉಗಿ ಎದ್ದು ಬಾಗಿಲನ್ನೇ ನುಂಗಿಬಿಡುತ್ತದೆ. ಆ ಉಗಿಯೊಳಗಿಂದ ದುಂಡನೆಯ ಗಂಟುಗಳು ಉರುಳಿಕೊಂಡು ಬರುತ್ತವೆ. ಬಲ್ಬಾರಾ ಅವನ್ನು ಬಿಚ್ಚುತ್ತಿದ್ದಳು. ಮೊದಲು ಹೊರಗಿನ ಉಣ್ಣೆ ಶಾಲು, ಆಮೇಲೆ ತುಪ್ಪಳದ ಟೋಪಿ, ಅದರೊಳಗೆ ಇನ್ನೊಂದು ಟೋಪಿ, ದಾರ ಕಟ್ಟಿ ಕುತ್ತಿಗೆಗೆ ನೇತುಹಾಕಿದ ಕೈಗವಸು, ಕೋಟು, ಕಂಬಳಿಯ ಬೂಟು, ಎರಡು ಸ್ವೆಟರು. ಕೊನೆಗೆ ಒಂದು ಮಗು ಸಿಗುತ್ತದೆ, ರೆಪ್ಪೆಯ ಮೇಲಿನ ಬಿಳಿ ಮಂಜು ಕರಗಿ ಕೆನ್ನೆಗೆ ಇಳಿಯುತ್ತಿರುತ್ತದೆ. ಮಧ್ಯಾಹ್ನ ಶಾಲೆ ಬಿಟ್ಟಾಗ ಇದೇ ಕೆಲಸ ತಿರುಗಿಸಿ ಮಾಡಬೇಕು.

ಅವಳು ಆ ಕೆಲಸಕ್ಕೆ ಸೇರಿದ್ದೂ ಒಂದು ತಮಾಷೆಯೇ. ಮೊದಲು ಅಲ್ಲಿದ್ದವಳು ಅವಳ ಅಕ್ಕ. ಅಕ್ಕನಿಗೆ ಹೆರಿಗೆಯಾದಾಗ, ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದ ಬಲ್ಬಾರಾ ಒಂದು ವಾರದ ಮಟ್ಟಿಗೆ ಬಂದಳು. ಅಕ್ಕ ತಿರುಗಿ ಬರಲಿಲ್ಲ, ತಂಗಿ ತಿರುಗಿ ಹೋಗಲಿಲ್ಲ. ಅವಳು ಶಾಲು ಸುತ್ತಿದ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳನ್ನು ಅವಳ ಕೈಗೆ ಒಪ್ಪಿಸುವ ಕಾಲ ಬಂದಿತ್ತು.

ಅವಳಿಗೆ ಒಂದು ಜಂಬವಿತ್ತು. ಗಂಟು ಬಿಚ್ಚುವ ಮೊದಲೇ ಒಳಗಿರುವ ಮಗು ಯಾವುದೆಂದು ಹೇಳುತ್ತಿದ್ದಳು. ಯಾವತ್ತೂ ಯಾರ ಹೆಸರನ್ನೂ ಕೇಳಿದವಳಲ್ಲ. ನೆತ್ತಿಯ ಮೇಲೆ ಅಂಗೈ ಇಟ್ಟರೆ ಸಾಕು. ಹುಡುಗರು ಕೋಟು ಅದಲುಬದಲು ಮಾಡಿಕೊಂಡು ಪರೀಕ್ಷಿಸಲು ಬಂದರೆ, ನೆತ್ತಿ ಮುಟ್ಟಿ, "ಎರ್ಚಿಮ್, ತಮ್ಮನ ಕೋಟು ಹಾಕ್ಕೊಂಡು ಉಸಿರು ಕಟ್ಟಿಸ್ಕೊಂಡಿದೀಯಲ್ಲೋ, ಬಿಚ್ಚು ಅತ್ಲಾಗೆ," ಅನ್ನುತ್ತಿದ್ದಳು. ನನಗೋ ಅದರ ಗುಟ್ಟು ತಿಳಿಯಬೇಕು.

ಅಷ್ಟೇ ಕುತೂಹಲದ ಇನ್ನೊಂದು ವಿಷಯವೂ ಇತ್ತು. ಅವಳ ಏಪ್ರನ್ನಿನ ಜೇಬಿನಲ್ಲಿ ಹಿಮಸಾರಂಗದ ಚರ್ಮದ ಪುಟ್ಟ ಚೀಲ, ಅದರೊಳಗೊಂದು ಕನ್ನಡಕ. ಅದನ್ನವಳು ಹಾಕಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

"ಅಜ್ಜಿ, ಕನ್ನಡಕ ಯಾಕೆ ಹಾಕಲ್ಲ?" ಎಂದೆ ಒಂದು ದಿನ.

"ಬಾಗಿಲು ತೆಗೆದ್ರೆ ಉಗಿ ಹಿಡಿಯುತ್ತೆ ಟೀಚರಮ್ಮ. ಕುರುಡಿ ಆಗ್ತೀನಿ."

"ಹೊರಗೆ ಹೋಗುವಾಗ?"

"ಕಬ್ಬಿಣದ ಕಡ್ಡಿ ಈ ಚಳಿಗೆ ಕೆನ್ನೆಗೆ ಅಂಟ್ಕೊಳುತ್ತೆ. ಕೀಳೋಕೆ ಹೋದ್ರೆ ಚರ್ಮ ಬರುತ್ತೆ. ನಿನ್ನ ಚರ್ಮ ಕೊಡ್ತೀಯಾ?"

"ಮನೇಲಿ?"

"ಮನೇಲಿ ನೋಡೋಕೇನಿದೆ, ಅದೇ ಗಂಡ!"

ಕೋಟು ಕೋಣೆಯ ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಮೂಗು ಸುಮ್ಮನಿರಬೇಕಲ್ಲ. ಬೀಗದ ಕೈ ತೂರಿಸುವ ಮೊದಲು ಅವಳು ಬೆರಳಿನಿಂದ ಬೀಗದ ಕಣ್ಣು ಹುಡುಕುವುದನ್ನು ನೋಡಿದೆ. ಕಿತ್ತುಹೋದ ಗುಂಡಿ ಹೊಲಿಯುವಾಗ ಸೂಜಿಗೆ ದಾರ ಪೋಣಿಸುವ ಕೆಲಸವನ್ನು ಆಟದ ನೆಪದಲ್ಲಿ ಮಕ್ಕಳಿಗೆ ಬಿಡುವುದನ್ನೂ ನೋಡಿದೆ. ಕನ್ನಡಕ ಹಾಕಿದರೂ ಅವಳಿಗೆ ಹೆಚ್ಚೇನೂ ಕಾಣುತ್ತಿಲ್ಲವೇನೋ ಅನ್ನಿಸಿತು. ಹೆಡ್‌ಮಾಸ್ಟರಿಗೆ ತಿಳಿದರೆ ಮನೆಗೆ ಕಳಿಸುತ್ತಾರೆ. ಅವಳ ಕೈ ಇರುವಾಗ ಕಣ್ಣೇಕೆ ಎಂದು ನಾನೂ ಸುಮ್ಮನಾದೆ.

ಆ ವರ್ಷ ನಮ್ಮೂರ ಅಂಗಡಿಗೆ ಮಕ್ಕಳ ಕೋಟು ಬಂದಿತ್ತು. ಎಲ್ಲವೂ ಒಂದೇ ಕಂದು ಬಣ್ಣ, ಒಂದೇ ತುಪ್ಪಳ, ಜೊತೆಗೆ ಅದೇ ಬಣ್ಣದ ಟೋಪಿ. ಅಂಗಡಿಯ ದಾರಿಯಾ, "ಇದನ್ನ ಬಿಟ್ರೆ ಮುಂದಿನ ಚಳಿಗಾಲಕ್ಕೇ," ಎಂದು ಹೆದರಿಸಿ ಎಲ್ಲರಿಗೂ ಮಾರಿದಳು, ತನ್ನ ಮಗಳು ಕುನ್ನೇಯ್‌ಗೂ ಒಂದು ತೊಡಿಸಿದಳು. ನನ್ನ ತರಗತಿಯ ಅರ್ಧ ಮಕ್ಕಳು ಕರಡಿಮರಿಗಳಾದರು. ನೆತ್ತಿ ಮುಟ್ಟಿದರೆ ಕೈಗೆ ಸಿಗುವುದೆಲ್ಲ ಒಂದೇ ಟೋಪಿ.

ಜನವರಿಯ ಆ ದಿನ ರೇಡಿಯೊ ನಲವತ್ತನಾಲ್ಕು ಎಂದಿತು. ಶಾಲೆ ಇತ್ತು. ಮಧ್ಯಾಹ್ನದ ಹೊತ್ತಿಗೆ ಮಂಜು ಎಷ್ಟು ದಟ್ಟವಾಯಿತೆಂದರೆ ಕಿಟಕಿಯಿಂದ ಗೇಟು ಕಾಣಲಿಲ್ಲ. ಮನೆಯವರು ಬಂದು ಬಂದು ಮಕ್ಕಳನ್ನು ಕರೆದೊಯ್ದರು. ಬಾಗಿಲು ಪೂರ್ತಿ ತೆಗೆದರೆ ಶಾಲೆಯ ಬಿಸಿಯೆಲ್ಲ ಹೋಗುತ್ತದೆಂದು ಅಪ್ಪಂದಿರು ಸಂದಿಯಲ್ಲಿ ಕೈ ಚಾಚಿ, "ನಮ್ದು ಕೊಡಿ ಅಜ್ಜಿ," ಅನ್ನುವುದು ರೂಢಿ. ಬಲ್ಬಾರಾ ಆ ಕೈಗೆ, ಮುಂದೆ ಬಂದು ನಿಂತ ಗಂಟನ್ನು ಒಪ್ಪಿಸುತ್ತಿದ್ದಳು.

ಎಲ್ಲರೂ ಹೋದರು ಅಂದುಕೊಳ್ಳುವಷ್ಟರಲ್ಲಿ, ಊಟದ ಕೋಣೆಯಲ್ಲಿ ಎರಡನೇ ಸಲ ಸೂಪು ಹಾಕಿಸಿಕೊಂಡು ಕೂತಿದ್ದ ನನ್ನ ತರಗತಿಯ ಸರ್ಗಿ ಬಾಯಿ ಒರೆಸಿಕೊಳ್ಳುತ್ತ ಬಂದಳು.

"ಅಜ್ಜಿ, ನಮ್ಮಪ್ಪ ಬರ್ಲಿಲ್ವಾ?"

ಅದೇ ಗಳಿಗೆಯಲ್ಲಿ ಬಾಗಿಲು ತೆರೆದು ದಾರಿಯಾ ಒಳಗೆ ಬಂದಳು. "ಕುನ್ನೇಯ್ ರೆಡಿನಾ? ಅಂಗಡಿಗೆ ಬೀಗ ಹಾಕಿ ಬಂದಿದೀನಿ, ಬೇಗ ಕೊಡಿ."

ಕೊಕ್ಕೆಯ ಮೇಲೆ ಉಳಿದಿದ್ದುದು ಒಂದೇ ಕಂದು ಕೋಟು. ಬಲ್ಬಾರಾ ಸರ್ಗಿಯ ತಲೆ ಮುಟ್ಟಿದಳು, ಕೋಟು ಮುಟ್ಟಿದಳು, ಮತ್ತೆ ತಲೆ ಮುಟ್ಟಿದಳು.

"ಕುನ್ನೇಯ್‌ನ ಕೊಟ್ಟೆ," ಎಂದಳು.

"ಯಾರಿಗೆ?"

"ಕೈ ಬಂತು. ಕೊಟ್ಟೆ."

"ಯಾರ ಕೈ ಅಜ್ಜಿ?" ದಾರಿಯಾ ಕಿರುಚಿದಳು. "ಈ ಚಳೀಲಿ ನನ್ ಮಗೂನ ಯಾರ ಕೈಗೆ ಕೊಟ್ರಿ?"

ಬಲ್ಬಾರಾ ಖಾಲಿ ಕೊಕ್ಕೆಗಳನ್ನು ಒಂದೊಂದಾಗಿ ತಡವಿದಳು. ಆ ಮಂಜಿನಲ್ಲಿ ಏಳು ವರ್ಷದ ಮಗು ದಾರಿ ತಪ್ಪಿ ಒಂಟಿಯಾಗಿ ನಿಂತರೆ ಏನಾಗುತ್ತದೆಂದು ನಮ್ಮೂರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕಣ್ಣಿನ ವಿಷಯ ನನಗೆ ಗೊತ್ತಿತ್ತು ಎಂಬುದು ಎದೆಯಲ್ಲಿ ಮುಳ್ಳಾಗಿ ಚುಚ್ಚಿತು.

ಉಳಿದ ಮಗು ಸರ್ಗಿ, ಹಾಗಾದರೆ ಕರೆದೊಯ್ದವನು ಸರ್ಗಿಯ ಅಪ್ಪ ಸೆಮೆನ್ ಇರಬಹುದು. ಇಲ್ಲದೆಯೂ ಇರಬಹುದು. ಅವನ ಮನೆ ಕೆರೆಯಾಚೆ, ಫೋನಿಲ್ಲ, ಆಗಿನ್ನೂ ಊರಿಗೆ ಮೊಬೈಲು ಬಂದಿರಲಿಲ್ಲ. ಹೆಪ್ಪುಗಟ್ಟಿ ಎಂಜಿನ್ ಒಡೆಯಬಾರದೆಂದು ಶಾಲೆಯ ಜೀಪಿನ ನೀರನ್ನು ಡ್ರೈವರು ಆಗಲೇ ಖಾಲಿ ಮಾಡಿ ಹೋಗಿದ್ದ. ನಡೆದೇ ಹೊರಟೆವು. ನಾನು, ದಾರಿಯಾ, ನಮ್ಮ ನಡುವೆ ಸರ್ಗಿ. ಹಿಂದಿನಿಂದ ಬಲ್ಬಾರಾ. ಊರ ಮಕ್ಕಳಿಗೆಲ್ಲ ಶಾಲು ಸುತ್ತಿದವಳು ತನ್ನ ತಲೆಗೆ ಏನೂ ಕಟ್ಟದೆ ಬಂದಿದ್ದಳು. ದಾರಿಯಾ ತಿರುಗಿ ನೋಡಿದಳು. ತನ್ನ ಭುಜದ ಮೇಲಿದ್ದ ಶಾಲು ಕಿತ್ತು ಅವಳ ಕಡೆ ಎಸೆದು ಮುಂದೆ ನಡೆದಳು.

ಹೆಪ್ಪುಗಟ್ಟಿದ ಕೆರೆಯ ಮೇಲೆ ನಮ್ಮ ಬೂಟುಗಳ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಬಲ್ಬಾರಾ ಆಗಾಗ ನಿಂತು, "ಕುನ್ನೇಯ್!" ಎಂದು ಕೂಗುತ್ತಿದ್ದಳು, ಆ ಚಳಿಗಾಳಿ ಒಳಗೆ ಹೋಗಿ ಕೆಮ್ಮುತ್ತಿದ್ದಳು, ಮತ್ತೆ ಕೂಗುತ್ತಿದ್ದಳು. ಆ ಕೂಗನ್ನು ಕೇಳಲಾರದೆ ನಾನು ಸರ್ಗಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಸೆಮೆನ್ ಹಟ್ಟಿಯ ಬಾಗಿಲಲ್ಲೇ ಸಿಕ್ಕಿದ, ಕೈಯಲ್ಲಿ ಹುಲ್ಲಿನ ಹೊರೆ.

"ಏನ್ ಟೀಚರಮ್ಮ, ಊರೇ ಎದ್ದು ಬಂದಿದೆ?"

"ಮಗು ಎಲ್ಲಿ?" ಎಂದಳು ದಾರಿಯಾ.

"ಸರ್ಗೀನಾ? ಒಳಗೆ ಇದಾಳೆ. ತಂದು ಒಳಗೆ ಬಿಟ್ಟು ದನದ ಹತ್ರ ಬಂದೆ." ಅಷ್ಟರಲ್ಲಿ ಅವನ ಕಣ್ಣು ನನ್ನ ಪಕ್ಕದ ಗಂಟಿನ ಮೇಲೆ ಬಿತ್ತು. "ಇವಳ್ಯಾರು?"

"ಅಪ್ಪಾ, ನಾನು!" ಶಾಲಿನೊಳಗಿಂದ ಸರ್ಗಿಯ ದನಿ ಬಂತು.

ಹುಲ್ಲಿನ ಹೊರೆ ನೆಲಕ್ಕೆ ಬಿತ್ತು. ಎಲ್ಲರೂ ಮನೆಯೊಳಗೆ ನುಗ್ಗಿದೆವು. ಒಲೆಯ ಪಕ್ಕದಲ್ಲಿ, ಚಳಿಗೆಂದು ಒಳಗೆ ತಂದಿದ್ದ ಒಂದು ವಾರದ ಕರುವಿನ ಎದುರು, ಕೋಟು ಟೋಪಿ ಬೂಟಿನ ಸಮೇತ ಕುನ್ನೇಯ್ ಕೂತಿದ್ದಳು. ಶಾಲನ್ನು ಮೂಗಿನಿಂದ ಕೆಳಗೆ ಎಳೆದುಕೊಂಡಿದ್ದಳು ಅಷ್ಟೇ. ಕರು ಅವಳ ಕೈಗವಸನ್ನು ಚೀಪುತ್ತಿತ್ತು.

ದಾರಿಯಾ ಅವಳನ್ನು ಬಾಚಿ ತಬ್ಬಿ, ಮರುಕ್ಷಣವೇ ಬೆನ್ನಿಗೊಂದು ಕೊಟ್ಟಳು. ಅಷ್ಟು ದಪ್ಪ ಕೋಟಿನ ಮೇಲೆ ಅದು ತಾಗುವುದೆಲ್ಲಿ ಬಂತು.

"ನಾನು ಸರ್ಗಿ ಅಲ್ಲ ಅಂತ ಹೇಳ್ಬಾರ್ದಿತ್ತೇನೇ?"

"ಹೊರಗೆ ಬಾಯಿ ಬಿಡ್ಬಾರ್ದು, ಎದೆಗೆ ಚಳಿ ಹೋಗುತ್ತೆ ಅಂತ ನೀನೇ ಹೇಳಿದೀಯಲ್ಲಮ್ಮ."

"ಒಳಗೆ ಬಂದ್ಮೇಲೆ?"

ಕುನ್ನೇಯ್ ಕರುವನ್ನು ನೋಡಿದಳು. "ಸರ್ಗಿ ದಿನಾ ಹೇಳ್ತಾಳೆ, ಹಣೆ ಮೇಲೆ ನಕ್ಷತ್ರ ಇದೆ ಅಂತ. ನಿಜಾನಾ ಅಂತ ನೋಡ್ಬೇಕಿತ್ತು." ಆಮೇಲೆ ನ್ಯಾಯವಾಗಿ ಒಪ್ಪಿಕೊಂಡಳು, "ನಿಜ."

ಸೆಮೆನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಭಯವೆಲ್ಲ ಇಳಿದು ನನಗೂ ನಗು ಬಂತು, ದಾರಿಯಾ ಅಳುತ್ತಲೇ ನಕ್ಕಳು. ಬಲ್ಬಾರಾ ಮಾತ್ರ ನಗಲಿಲ್ಲ. ಬಾಗಿಲ ಬಳಿ ನಿಂತೇ ಇದ್ದಳು.

"ಅದು ನಿನ್ ಕೈ ಅಂತ ನಂಗೆ ಗೊತ್ತಿರ್ಲಿಲ್ಲ ಸೆಮೆನ್," ಎಂದಳು. "ಯಾರ ಕೈ ಆಗಿದ್ರೂ ಕೊಡ್ತಿದ್ದೆ. ನಂಗೆ ಕಣ್ಣು ಕಾಣ್ಸಲ್ಲ. ಎರಡು ಚಳಿಗಾಲ ಆಯ್ತು."

ಸೆಮೆನ್‌ನ ಹೆಂಡತಿ ಆಗಷ್ಟೇ ಹಟ್ಟಿಯಿಂದ ಬಂದು ಹಾಲು ಹಾಕಿದ ಚಹಾ ತಂದಿಟ್ಟಳು, ಬಲ್ಬಾರಾ ಮುಟ್ಟಲಿಲ್ಲ.

ಮರುದಿನ ನಲವತ್ತಮೂರು, ಶಾಲೆ ಇತ್ತು. ಬಲ್ಬಾರಾ ಬರಲಿಲ್ಲ. ಕೋಟು ಕೋಣೆಯ ಬೀಗದ ಕೈಯನ್ನು ಗಂಡನ ಕೈಲಿ ಕಳಿಸಿದ್ದಳು. ಹೆಡ್‌ಮಾಸ್ಟರು ಅದನ್ನು ನನ್ನ ಕೈಗಿಟ್ಟು, "ಸದ್ಯಕ್ಕೆ ನೀವೇ ನೋಡ್ಕೊಳ್ಳಿ," ಎಂದರು.

ಬೆಳಿಗ್ಗೆ ಬಿಚ್ಚುವುದು ಹೇಗೋ ನಡೆಯಿತು. ಮಧ್ಯಾಹ್ನ ಸುತ್ತುವಾಗ ನನ್ನ ಮರ್ಯಾದೆ ಹೋಯಿತು. ಮೊದಲು ಕಟ್ಟಿದವರು ಕಾದು ಕಾದು ಒಳಗೇ ಬೆವರಿದರು. ಬೆವರಿದ ಮಗುವನ್ನು ಆ ಚಳಿಗೆ ಕಳಿಸುವ ಹಾಗಿಲ್ಲ, ಮತ್ತೆ ಬಿಚ್ಚಬೇಕು. ಒಬ್ಬನ ಬಲಗಾಲಿನ ಬೂಟು ಇನ್ನೊಬ್ಬನ ಎಡಗಾಲಿಗೆ ಸೇರಿತು. ಇಬ್ಬರು ಅತ್ತರು, ಮೂರನೆಯವಳು ನಾನೇ ಆಗುವುದರಲ್ಲಿದ್ದೆ.

ದಾರಿಯಾ ಬಂದು ಸೊಂಟದ ಮೇಲೆ ಕೈಯಿಟ್ಟು ಈ ಅವಾಂತರ ನೋಡಿದಳು. ಕುನ್ನೇಯ್‌ನ ಶಾಲು ಕೈಗೆತ್ತಿಕೊಂಡಳು, ಸುತ್ತಲಿಲ್ಲ. "ಇವಳನ್ನ ಕಟ್ಬೇಡಿ. ಬರ್ತೀನಿ ಇರಿ," ಎಂದು ಹೊರಗೆ ಹೋದಳು. ಬಲ್ಬಾರಾಳ ಮನೆ ಶಾಲೆಯ ಬೇಲಿಗೆ ಅಂಟಿಕೊಂಡೇ ಇತ್ತು. ಸ್ವಲ್ಪ ಹೊತ್ತಿಗೆ ಬಾಗಿಲ ಉಗಿಯೊಳಗಿಂದ ದಾರಿಯಾ ಬಂದಳು, ತೋಳು ಹಿಡಿದು ಬಲ್ಬಾರಾಳನ್ನು ಎಳೆದುಕೊಂಡೇ ಬಂದಿದ್ದಳು.

"ಬೇಡ ಕಣೇ ದಾರಿಯಾ. ನಿನ್ನೆ ಆಗಿದ್ದು ಸಾಲ್ದಾ?"

"ನಿನ್ನೆ ರಾತ್ರಿ ಪೂರ್ತಿ ನಿಮ್ಮನ್ನ ಬೈದಿದೀನಿ, ಬೈದು ಮುಗೀತು. ಚಿಕ್ಕವಳಿದ್ದಾಗ ನನ್ನನ್ನ ಕಟ್ಟಿದ್ದೂ ನೀವೇ. ನಾನು ಕಟ್ಟಿದ್ರೆ ಇವಳ ಮೂಗು ಹೊರಗೇ ಇರುತ್ತೆ. ತಗೊಳ್ಳಿ, ಕಟ್ಟಿ."

ಶಾಲನ್ನು ಅವಳ ಕೈಗೆ ತುರುಕಿ, ಮಗಳನ್ನು ಮುಂದೆ ನಿಲ್ಲಿಸಿದಳು.

ಬಲ್ಬಾರಾಳ ಕೈ ತಾನಾಗಿ ಕೆಲಸ ಶುರುಮಾಡಿತು. ಒಳಟೋಪಿ, ತುಪ್ಪಳದ ಟೋಪಿ, ಕೋಟಿನ ಗುಂಡಿ, ಕೈಗವಸು, ಶಾಲಿನ ಒಂದು ಸುತ್ತು. ಬಾಯಿ ಮುಚ್ಚುವ ಕೊನೆಯ ಸುತ್ತಿಗೆ ಬಂದಾಗ ಕೈ ನಿಂತಿತು. ಎದುರಿಗಿರುವ ಮಗು ಯಾವುದೆಂದು ಅವಳಿಗೆ ಆಗ ಗೊತ್ತಿತ್ತು, ದಾರಿಯಾಳೇ ತಂದು ನಿಲ್ಲಿಸಿದ್ದಳಲ್ಲ. ಆದರೂ ಕೋಟು ಕೋಣೆಯ ಎಲ್ಲರಿಗೂ ಕೇಳುವಂತೆ, ಜನ್ಮದಲ್ಲಿ ಮೊದಲ ಸಲ, ಕೇಳಿದಳು.

"ಪುಟ್ಟೀ, ನೀನ್ಯಾರು?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುನ್ನೇಯ್ ಎದೆ ಉಬ್ಬಿಸಿ ಕೂಗಿದಳು, "ಕುನ್ನೇಯ್! ದಾರಿಯಾ ಮಗಳು! ಇವತ್ತು ನಮ್ಮನೆಗೇ ಹೋಗ್ತಿದೀನಿ!"

ಬಲ್ಬಾರಾ ಕೊನೆಯ ಸುತ್ತು ಸುತ್ತಿದಳು. "ಮುಂದೆ ಯಾರು?"

ಮುಂದಿನವನು ಇನ್ನೂ ಜೋರಾಗಿ ಕೂಗಿದ, ಅದರ ಮುಂದಿನವಳು ಅದಕ್ಕಿಂತಲೂ ಜೋರಾಗಿ. ಬಾಗಿಲ ಸಂದಿಯಲ್ಲಿ ಒಂದು ದೊಡ್ಡ ಕೈಗವಸು ಬಂತು. ಬಲ್ಬಾರಾ ಅದನ್ನು ಹಿಡಿದು ಒಳಕ್ಕೆಳೆದಳು.

"ಕೈಗೆ ಮಗು ಕೊಡಲ್ಲ. ಮುಖ ತಗೊಂಡು ಒಳಗೆ ಬಾ, ಹೆಸರು ಹೇಳು."

"ಅಜ್ಜಿ, ನಾನು ಸೆಮೆನ್!"

"ಯಾರಪ್ಪ ನೀನು?"

"ಸರ್ಗಿ ಅಪ್ಪ!"

"ಸರ್ಗಿ, ಇವನು ನಿಮ್ಮಪ್ಪಾನಾ?"

ಸರ್ಗಿ ಅವನನ್ನು ಮೇಲಿಂದ ಕೆಳಗಿನವರೆಗೂ ನೋಡಿ ಹೌದೆಂದು ಒಪ್ಪಿದಳು.

ಎಲ್ಲರೂ ಹೋದ ಮೇಲೆ ನಾವಿಬ್ಬರೇ ಉಳಿದೆವು. ಹೆಡ್‌ಮಾಸ್ಟರು ಒಮ್ಮೆ ಬಾಗಿಲಲ್ಲಿ ಇಣುಕಿ, ಖಾಲಿ ಕೊಕ್ಕೆಗಳನ್ನು ನೋಡಿ, ಏನೂ ಹೇಳದೆ ಹೋಗಿದ್ದರು. ನಾನು ಬೀಗದ ಕೈಯನ್ನು ಬಲ್ಬಾರಾಳ ಏಪ್ರನ್ನಿನ ಜೇಬಿಗೆ, ಕನ್ನಡಕದ ಪಕ್ಕಕ್ಕೆ ಹಾಕಿದೆ. ಅವಳು ಅದನ್ನು ತೆಗೆದು ಕೊಡಲೂ ಇಲ್ಲ, ಇಟ್ಟುಕೊಳ್ಳುತ್ತೇನೆ ಎನ್ನಲೂ ಇಲ್ಲ. ದಾರಿಯಾಳ ಎಳೆದಾಟದಲ್ಲಿ ಅವಳು ಶಾಲು ತಂದಿರಲಿಲ್ಲ. ನನ್ನದನ್ನು ತೆಗೆದು ಅವಳ ತಲೆಗೆ ಸುತ್ತತೊಡಗಿದೆ. ನನ್ನ ಸುತ್ತು ಸೊಟ್ಟಗಿತ್ತು, ಅದು ಅವಳಿಗೆ ತಿಳಿಯಿತು, ಆದರೂ ಮಗುವಿನ ಹಾಗೆ ಗಲ್ಲ ಎತ್ತಿ ನಿಂತಳು. ಕೊನೆಯ ಸುತ್ತಿಗೆ ಬಂದಾಗ ನಾನು ಕೈ ನಿಲ್ಲಿಸಿದೆ.

"ನೀವ್ಯಾರಜ್ಜಿ?" ಎಂದೆ.

"ಬಲ್ಬಾರಾ," ಎಂದಳು. "ಕೋಟು ಕೋಣೆಯವಳು. ನಾಳೆ ಬರ್ತೀನಿ."

ಆಮೇಲೆ ನಾನು ಅವಳ ಬಾಯಿಯ ಮೇಲೆ ಶಾಲು ಸುತ್ತಿದೆ.