ಕಾಲುವೆಯ ಮೇಲೆ ದಾರಿ

ಆ ಕಾಲುವೆಗೆ ಮೊದಲ ಸಲ ನೀರು ಬಿಟ್ಟ ದಿನ ಅಮೃತಾ ಚಪ್ಪಲಿ ಕೈಯಲ್ಲಿ ಹಿಡಿದು ಏರಿಯ ಮೇಲೆ ನೀರಿನ ಜೊತೆಗೇ ಓಡಿದ್ದರು. ನೀರಾವರಿ ಇಲಾಖೆಗೆ ಎಂಜಿನಿಯರಾಗಿ ಸೇರಿದ ಮೇಲೆ ತಾವೇ ಅಳೆದು, ನಕ್ಷೆ ಬರೆದು ಕಟ್ಟಿಸಿದ ಮೊದಲ ಕಾಲುವೆ ಅದು. ಪಂಪು ಹೊಳೆಯಿಂದೆತ್ತಿದ ನೀರು ಕಸಕಡ್ಡಿ ನೂಕಿಕೊಂಡು ಬಂದು ಗದ್ದೆಗೆ ಬಿದ್ದಾಗ ನಾಟಿಗೆ ಬಂದಿದ್ದ ಹೆಂಗಸರು ಕೇಕೆ ಹಾಕಿದ್ದರು.

ಅಮೃತಾ ಗಡಿಯಾಚೆಯ ಕಲ್ಲೂರಿನವರು. ಗುಂಡ್ಲುಪೇಟೆ ಕಡೆಯಿಂದ ಬಂದ ಅಜ್ಜ ಅಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ, ಆಮೇಲೆ ಆಫೀಸಿನಲ್ಲಿ ಮಲಯಾಳಂ. ಮೇಷ್ಟರಾಗಿದ್ದ ದಾಮೋದರನ್ ಅವರನ್ನು ಮದುವೆಯಾಗಿ, ಗಡಿಯಾಚೆಯೇ ಇರುವ ಬೇಗೂರಿನ ಕಡೆ ಬಂದು ನೆಲೆಸಿದರು. ಕಾಡಂಚಿನ ಆದಿವಾಸಿ ಹಾಡಿಗಳಿಗೆ ಕೆಲಸದ ಮೇಲೆ ಹೋದಾಗ ಕನ್ನಡ ಬಾಯಿಗೆ ಬಂದರೆ ಸಾಕು, ಕೂರಲು ಚಾಪೆ ಬರುತ್ತಿತ್ತು.

ನಿವೃತ್ತಿಯಾದಾಗ ದಾಮೋದರನ್, "ಇನ್ನಾದರೂ ಕಾಲಿಗೆ ಮಣ್ಣು ಹತ್ತದ ಹಾಗೆ ಇರು," ಅಂದರು. ಮರುವರ್ಷವೇ ಅಮೃತಾ ಪಂಚಾಯತ್ ಚುನಾವಣೆಗೆ ನಿಂತು ಗೆದ್ದರು. ಊರಿಗೆಲ್ಲ 'ಮೆಂಬರ್' ಆದರು.

ಮೊದಲ ಮಳೆಗೇ ಹಾಡಿಯ ಹಿರಿಯಳು ಚಾತಿ ಮನೆ ಬಾಗಿಲಿಗೆ ಬಂದಳು. "ನಮ್ಮ ದಾರಿ ನೋಡಿದ್ದೀಯಾ, ಮಗಾ? ಮೊಣಕಾಲುದ್ದ ಕೆಸರು. ಬಸುರಿಯನ್ನ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಬಂದ್ವಿ ಬಸ್ಸಿನ ತನಕ."

ಮಾರನೆಯ ದಿನ ಅಮೃತಾ ಪಂಚಾಯತಿಯ ಹೊಸ ಎಂಜಿನಿಯರ್ ವಿಪಿನನನ್ನು ಕರೆದುಕೊಂಡು ಹೋದರು. ದಾರಿಗೆ ಬೇರೆ ಜಾಗವೇ ಇರಲಿಲ್ಲ. ಒಂದು ಕಡೆ ಕಾಡು, ಇನ್ನೊಂದು ಕಡೆ ಷಿಬುವಿನ ತೋಟ, ನಡುವೆ ಒಣಗಿದ ಕಾಲುವೆ. ಗದ್ದೆಗಳೆಲ್ಲ ಬಾಳೆ, ಕಾಫಿ ತೋಟಗಳಾಗಿದ್ದವು. ಪಂಪು ನಿಂತು ಎಷ್ಟೋ ಕಾಲವಾಗಿತ್ತು.

ವಿಪಿನ್ ಬೇಸರದಿಂದ ಅಂದ: "ಯಾವ ಪುಣ್ಯಾತ್ಮ ತಂದು ಇಲ್ಲಿ ಕಟ್ಟಿದನೋ ಇದನ್ನ!"

"ಪುಣ್ಯಾತ್ಮ ಅಲ್ಲಪ್ಪ, ಪುಣ್ಯಾತ್ಗಿತ್ತಿ. ನಾನೇ."

ವಿಪಿನ್ ಕಿವಿ ಕೆಂಪಾಯಿತು. ಅಮೃತಾಗೆ ನಗು ತಡೆಯಲಾಗಲಿಲ್ಲ. ಬಗ್ಗಿ ಕಾಲುವೆಯ ಗೋಡೆಯನ್ನು ಅಂಗೈಯಿಂದ ತಟ್ಟಿದರು, ಇನ್ನೂ ಗಟ್ಟಿಯಾಗಿತ್ತು. "ಬತ್ತ ಇದ್ದಷ್ಟು ದಿನ ಇದು ದುಡಿದಿದೆ. ಈಗ ಇದರ ಮೇಲೆ ಚಪ್ಪಡಿ ಹಾಸೋಣ. ಅಡಿಯಲ್ಲಿ ಮಳೆನೀರು ಹರೀಲಿ, ಮೇಲೆ ಜನ ಓಡಾಡಲಿ."

ಷಿಬು ಅಡ್ಡ ಬಂದ. "ನಾಳೆ ಮತ್ತೆ ನೀರು ಬಿಟ್ಟರೆ, ಮೆಂಬರೇ?"

"ಬಿಡಲ್ಲ ಕಣೋ. ಪಂಪಿನ ಗುಂಡಿಯಲ್ಲಿ ಹೂಳು ತುಂಬಿದೆ. ನಿನ್ನ ಬಾಳೆಗೆ ನಿನ್ನ ಕೆರೆ ನೀರೇ ಸಾಕು. ಆಸೆ ಹುಟ್ಟಿಸಿ ನಾನು ವೋಟು ಕೇಳಲಾ?"

ಅವನು ಗೊಣಗುತ್ತಾ ಹೋದ, ಮತ್ತೆ ಅಡ್ಡ ಬರಲಿಲ್ಲ.

ಕಾಲುವೆ ನೀರಾವರಿ ಇಲಾಖೆಯದು, ಅವರ ಒಪ್ಪಿಗೆ ಬೇಕಿತ್ತು. ತಾವು ವರ್ಷಗಟ್ಟಲೆ ಕೂತಿದ್ದ ಕೋಣೆಯ ಹೊರಗೆ, ಬೆಂಚಿನ ಮೇಲೆ, ಅಮೃತಾ ಸರದಿ ಕಾದರು. ಫ್ಯಾನು ಬೆಂಚಿಗೆ ಗಾಳಿಯನ್ನೇ ಕೊಡುವುದಿಲ್ಲ ಎಂದು ಅವತ್ತು ಗೊತ್ತಾಯಿತು. ಹಿಂದೆ ಅವರ ಕೈಕೆಳಗೆ ಕೆಲಸ ಮಾಡಿದ್ದ ಲತಿಕ ಈಗ ಅದೇ ಕುರ್ಚಿಯಲ್ಲಿದ್ದಳು. ನೋಡಿ ಎದ್ದು ಓಡಿ ಬಂದಳು: "ಅಯ್ಯೋ ಮೇಡಂ, ಒಳಗೆ ಬರಬಾರದಾ?"

"ಇರಲಿ ಬಿಡು. ಜನರನ್ನ ನಾನು ಎಲ್ಲಿ ಕಾಯಿಸ್ತಿದ್ದೆ ಅಂತ ನೋಡಿಕೊಂಡೆ."

ಆದರೂ ಒಪ್ಪಿಗೆ ಸಿಗುವ ಹೊತ್ತಿಗೆ ಆ ಮಳೆಗಾಲ ಮುಗಿದಿತ್ತು. ಚಪ್ಪಡಿ ಕೂರಿಸುವಾಗ ಅಮೃತಾ ಒಂದೊಂದನ್ನೂ ತುಳಿದು ನೋಡಿದರು, ಅಲ್ಲಾಡಿದ್ದನ್ನೆಲ್ಲ ಎತ್ತಿಸಿದರು. ಗುತ್ತಿಗೆದಾರ ಬೈದುಕೊಂಡ. ಕೆಲಸ ಮುಗಿದ ದಿನ ಚಾತಿ ಬರಿಗಾಲಲ್ಲಿ ಆಚೆ ತುದಿಯಿಂದ ಈಚೆಗೆ ನಡೆದು ಬಂದು, ಅಂಗಾಲು ಎತ್ತಿ ತೋರಿಸಿ, "ನೋಡು, ಒಂದಿಷ್ಟೂ ಕೆಸರಿಲ್ಲ," ಅಂದಳು.

ಕಾಫಿ ಕೊಯ್ಲಿನ ಹೊತ್ತಿಗೆ ಒಂದು ಬೆಳಿಗ್ಗೆ ಅಮೃತಾ ಆ ಕಡೆ ಹೋದರೆ, ಚಪ್ಪಡಿಗಳ ಮೇಲೆ ಉದ್ದಕ್ಕೂ ಕಾಫಿ ಹಣ್ಣು ಹರಡಿತ್ತು. ಷಿಬು ಕುಕ್ಕರುಗಾಲಲ್ಲಿ ಕೂತು ಕೈಯಾಡಿಸುತ್ತಿದ್ದ.

"ಇದು ದಾರಿ ಕಣೋ ಷಿಬು, ಕಣ ಅಲ್ಲ!"

"ಒಂದು ಪಕ್ಕ ಬಿಟ್ಟಿದ್ದೀನಲ್ಲ ಮೆಂಬರೇ. ಬಿಸಿಲು ಇಲ್ಲೇ ಚೆನ್ನಾಗಿ ಬೀಳೋದು."

ಬೈಯಬೇಕೆಂದುಕೊಂಡರು, ಆಗಲಿಲ್ಲ. ಸೀರೆಯ ನೆರಿಗೆ ಎತ್ತಿಹಿಡಿದು, ಕಾಫಿ ತುಳಿಯದ ಹಾಗೆ ಅಂಚಿನಲ್ಲಿ ಹೆಜ್ಜೆ ಇಡುತ್ತಾ ಹಾಡಿಯ ಕಡೆ ನಡೆದರು.